ಪೈಥಾನ್ ಆಬ್ಜೆಕ್ಟ್‌ನೊಳಗಿನ ಲಾಜಿಕ್ ವೇರಿಯಬಲ್‌ಗೆ ಬೆಲೆ ತುಂಬುವಾಗ

ಪೈಥಾನ್‌ನ ಯೂನಿಫಿಕೇಶನ್ ಲೈಬ್ರರಿ (ಎರಡು ರಚನೆಗಳು ಹೊಂದಿಕೆಯಾಗಲು ವೇರಿಯಬಲ್‌ಗಳಿಗೆ ಯಾವ ಬೆಲೆ ಬೇಕೆಂದು ಹುಡುಕುವಂಥದ್ದು) ಬಳಸುವವರ ಗಮನಕ್ಕೆ: ನೀವೇ ಬರೆದ ಕ್ಲಾಸ್‌ನ ಆಬ್ಜೆಕ್ಟ್‌ನಲ್ಲಿ ಲಾಜಿಕ್ ವೇರಿಯಬಲ್ (ಬೆಲೆ ಇನ್ನೂ ಗೊತ್ತಿಲ್ಲದ ಖಾಲಿ ಜಾಗ) ಇದ್ದರೆ, ಆ ಕ್ಲಾಸ್‌ಗೆ ‘ಯೂನಿಫೈಯಬಲ್’ ಡೆಕೊರೇಟರ್ (ಕ್ಲಾಸ್‌ನ ಮೇಲೆ ಬರೆಯುವ ಗುರುತು) ಹಾಕದ ಹೊರತು, ವೇರಿಯಬಲ್‌ಗಳ ಜಾಗಕ್ಕೆ ಬೆಲೆ ತುಂಬುವ ‘ರೀಫೈ’ ಫಂಕ್ಷನ್ ಯಾವ ಎರರ್ ಅನ್ನೂ ತೋರಿಸದೆ ಆಬ್ಜೆಕ್ಟನ್ನು ಇದ್ದಂತೆಯೇ ಹಿಂತಿರುಗಿಸುತ್ತದೆ. ಹಾಕಿದ್ದರೆ, ಮೂಲ ಆಬ್ಜೆಕ್ಟ್ ಹಾಗೆಯೇ ಉಳಿದು, ಬೆಲೆ ತುಂಬಿದ ಹೊಸದೊಂದು ಸಿಗುತ್ತದೆ.

ಆದರೆ ಈ ಹೊಸ ಆಬ್ಜೆಕ್ಟ್ ತಯಾರಾಗುವಾಗ ಸಾಮಾನ್ಯವಾಗಿ ಆಬ್ಜೆಕ್ಟ್ ಹುಟ್ಟುವಾಗ ಓಡುವ ನಿಮ್ಮ ‘ಇನಿಟ್’ ಮೆಥಡ್ ಓಡುವುದೇ ಇಲ್ಲ. ಆಟ್ರಿಬ್ಯೂಟ್‌ಗಳಲ್ಲಿ ಬೆಲೆ ತುಂಬಿ ನೇರವಾಗಿ ಸೇರಿಸಲಾಗುತ್ತದೆ. ಉದಾಹರಣೆಗೆ, ‘ಖಾತೆ’ ಎಂಬ ಕ್ಲಾಸ್‌ನ ಇನಿಟ್‌ನಲ್ಲಿ ಹೆಸರು ಮತ್ತು ಮೊತ್ತವನ್ನು ಸೇರಿಸಿ ವಿವರದ ಸ್ಟ್ರಿಂಗ್ ಕಟ್ಟಿಟ್ಟಿದ್ದರೆ, ಮೊತ್ತದ ಜಾಗಕ್ಕೆ 500 ಬಂದ ಮೇಲೂ ಆ ಸ್ಟ್ರಿಂಗ್‌ನಲ್ಲಿ ವೇರಿಯಬಲ್‌ನ ಹೆಸರೇ ಉಳಿದಿರುತ್ತದೆ. ಮೊತ್ತ ಋಣಾತ್ಮಕವೇ ಎಂಬ ತಪಾಸಣೆಯೂ ತಪ್ಪಿಹೋಗುತ್ತದೆ, ಇದು ಇನ್ನೂ ಅಪಾಯಕಾರಿ. ಆದ್ದರಿಂದ ಇತರ ಆಟ್ರಿಬ್ಯೂಟ್‌ಗಳಿಂದ ಹುಟ್ಟುವ ಬೆಲೆಗಳನ್ನು ಪ್ರಾಪರ್ಟಿಯಾಗಿ (ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕುವಂತೆ) ಬರೆಯಿರಿ; ತಪಾಸಣೆಯನ್ನು ಬೇರೆ ಮೆಥಡ್‌ನಲ್ಲಿಟ್ಟು ರೀಫೈ ಆದ ಬಳಿಕ ಕರೆಯಿರಿ.