ಎರಡನೇ ಕೀಲಿ ಜೇಬಲ್ಲಿದ್ದರೂ ಕಾರು ಮುಟ್ಟಬೇಡಿ

ಗಂಗಾವತಿಯಲ್ಲಿ ನಾನು ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುತ್ತೇನೆ. ಅಣ್ಣನ ಜೊತೆ ಜಗಳವಾಗಿ ಮನೆ ಬಿಟ್ಟ ರಾತ್ರಿ ಹೆಂಡತಿ, ಮಗಳು, ಒಂದು ಬ್ಯಾಗು ಬಟ್ಟೆ ಬಿಟ್ಟರೆ ಜೇಬಲ್ಲಿ, ಅಣ್ಣನೂ ನಾನೂ ಸೇರಿ ಕೊಂಡ ಕಾರಿನ ಎರಡನೇ ಕೀಲಿ ಇತ್ತು, ಅಷ್ಟೇ. ಜಗಳ ಯಾಕೆ ಅಂತ ಕೇಳಬೇಡಿ. ಅದಕ್ಕೆ ಈಗಲೂ ಎರಡು ಕಥೆ ಇವೆ. ಸಾಮಾನು, ಕಾರಿನ ಪಾಲು ಹೇಗೆ ಕೈಗೆ ಬಂತು ಅನ್ನೋದನ್ನಷ್ಟೇ ಹೇಳುತ್ತೇನೆ.

ಬೆಳಗಿನ ಜಾವ ಹೋಗಿ ಕಾರು ತಂದುಬಿಡೋಣ ಅನ್ನಿಸಿತ್ತು. ಅರ್ಧ ದುಡ್ಡು ನನ್ನದೇ ಅಲ್ವಾ? ಪರಿಚಯದ ವಕೀಲರು ಫೋನಲ್ಲೇ ಬೈದರು. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಅಣ್ಣನ ಹೆಸರಲ್ಲಿದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಅಣ್ಣ ಕಳವು ಅಂತ ದೂರು ಕೊಟ್ಟರೆ ಠಾಣೆಯಲ್ಲಿ ಮೊದಲು ನೋಡೋದು ಆರ್‌ಸಿ. ನನ್ನ ಅರ್ಧ ಪಾಲಿನ ಪುರಾಣ ಕೇಳೋದು ಆಮೇಲೆ. ಕೀಲಿಯನ್ನ ಅಕ್ಕಿ ಡಬ್ಬಿಯಲ್ಲಿಟ್ಟೆ.

ಮೊದಲು ಕಾಗದಪತ್ರ ಯೋಚಿಸಿ. ಆಧಾರ್ ಡೌನ್‌ಲೋಡ್ ಮಾಡಬಹುದು, ಪಾಸ್‌ಬುಕ್ ಬ್ಯಾಂಕಿನವರು ಹೊಸದು ಕೊಡುತ್ತಾರೆ. ಮತ್ತೆ ಸಿಗುವ ಕಾಗದಕ್ಕಾಗಿ ಜಗಳ ಬೇಡ. ಆ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ವಸ್ತುಗಳನ್ನ ಮಾತ್ರ ಬರೆಯಿರಿ. ನನ್ನ ಪಟ್ಟಿಯಲ್ಲಿ ವೈಂಡಿಂಗ್ ಮಷಿನ್, ಮೆಗ್ಗರ್ (ಮೋಟಾರಿನ ಇನ್ಸುಲೇಶನ್ ಪರೀಕ್ಷಿಸುವ ಮೀಟರು), ತಾಮ್ರದ ತಂತಿಯ ಎರಡು ಸುರುಳಿ, ಹೊಲಿಗೆ ಯಂತ್ರ, ಅವ್ವ ನನಗೆ ಅಂತ ಇಟ್ಟಿದ್ದ ಹಿತ್ತಾಳೆ ಕೊಡ ಇದ್ದವು. ಪ್ರತಿಯೊಂದರ ಮುಂದೆ ಯಾವಾಗ ಕೊಂಡಿದ್ದು, ಯಾವ ಕೋಣೆಯಲ್ಲಿದೆ, ನನ್ನದು ಅನ್ನೋದಕ್ಕೆ ಏನು ಗುರುತು ಅಂತ ಬರೆದೆ. ಬಿಲ್ ಇಲ್ಲದವಕ್ಕೆ ಹಳೇ ದೀಪಾವಳಿ ಫೋಟೊ ಉಪಯೋಗಕ್ಕೆ ಬಂತು. ಮಗಳ ಹಿಂದೆ ನನ್ನ ಮಷಿನ್ ಚೆನ್ನಾಗಿ ಕಾಣುತ್ತಿತ್ತು!

ಪಟ್ಟಿಯನ್ನ ಅಣ್ಣನಿಗೆ ವಾಟ್ಸಾಪ್ ಮಾಡಿ, "ಅಣ್ಣಾ, ಬುಧವಾರ ಹತ್ತು ಗಂಟೆಗೆ ಬಂದು ಇಷ್ಟನ್ನ ಒಯ್ತೀನಿ, ಆ ದಿನ ಆಗದಿದ್ರ ಯಾವತ್ತು ಅಂತ ಹೇಳು" ಅಂತ ಬರೆದೆ. ಬೈಗುಳ ಒಂದೂ ಇಲ್ಲ. ನಾಳೆ ಆ ಮೆಸೇಜನ್ನ ಯಾರು ಓದುತ್ತಾರೋ ಗೊತ್ತಿಲ್ಲ. ಮಂಗಳವಾರ, ಶುಕ್ರವಾರ ಮನೆಯಿಂದ ಸಾಮಾನು ಹೊರಗೆ ಹಾಕಬಾರದು ಅಂತ ಅವ್ವ ಅಂದದ್ದಕ್ಕೆ ಬುಧವಾರ ಆರಿಸಿದ್ದೆ. ಇಂಥದ್ದಕ್ಕೆ ಹಟ ಮಾಡಬೇಡಿ, ಅವ್ವ ನಮ್ಮ ಕಡೆ ಇದ್ದರೆ ಅರ್ಧ ಕೆಲಸ ಆದಂತೆ.

ಅಣ್ಣ "ಬಾ ನೋಡೋಣ" ಅಂದ. ಅದು ಕರೆಯೋ, ಧಮಕಿಯೋ ತಿಳಿಯಲಿಲ್ಲ. ಹಾಗಾಗಿ ಠಾಣೆಗೆ ಒಂದು ಅರ್ಜಿ ಕೊಟ್ಟೆ. ಕೇಸು ಬೇಡ, ಸಾಮಾನು ತರುವಾಗ ಗಲಾಟೆ ಆಗದಂತೆ ಒಬ್ಬರು ಇದ್ದರೆ ಸಾಕು ಅಂತ. "ಇದು ಸಿವಿಲ್ ವ್ಯವಹಾರ" ಅಂದರು. ಅದನ್ನೇ ಹಿಂಬರಹದಲ್ಲಿ, ಅಂದರೆ ಅರ್ಜಿಗೆ ಠಾಣೆಯವರು ಕೊಡುವ ಲಿಖಿತ ಉತ್ತರದಲ್ಲಿ, ಬರೆದುಕೊಡಿ ಅಂದೆ. ಹಿಂಬರಹವೂ ಬಂತು, ಬುಧವಾರ ಬೀಟ್ ಪೊಲೀಸರೂ ಬಂದರು.

ಆ ದಿನ ಸೋದರಮಾವನನ್ನ ಕರೆದುಕೊಂಡು ಹೋದೆ. ಅಣ್ಣನೂ ಎದುರು ಮಾತಾಡದ ಹಿರಿಯರು ಒಬ್ಬರು ಬೇಕು. ನನ್ನ ಗೆಳೆಯರನ್ನ ಬೇಕಂತಲೇ ಕರೆಯಲಿಲ್ಲ. ನಾಲ್ಕು ಹುಡುಗರು ಟಾಟಾ ಏಸ್‌ನಿಂದ ಇಳಿದರೆ ಓಣಿ ಪೂರ್ತಿ ಹೊರಗೆ ಬರುತ್ತೆ. ಒಳಗಿಂದ ಒಂದೊಂದೇ ಸಾಮಾನು ಬಂದಂತೆ ಮಾವ ಪಟ್ಟಿಯಲ್ಲಿ ಗೀಟು ಹಾಕಿದರು. ಕೊಡ ತನ್ನದು ಅಂತ ಅತ್ತಿಗೆ ಅಂದರು, ಬಿಟ್ಟೆ. "ಕೊಡದ ವಿಚಾರ ಬಾಕಿ" ಅಂತ ಬರೆದು ಇಬ್ಬರೂ ಸಹಿ ಹಾಕಿದೆವು.

ಹೆಂಡತಿಯ ಬಂಗಾರದ ಮಾತು ಬೇರೆ. ತವರಿನಿಂದ ಬಂದದ್ದು, ಮದುವೆಯಲ್ಲಿ ಆಕೆಗೆ ಕೊಟ್ಟದ್ದು ಸ್ತ್ರೀಧನ. ಅದರಲ್ಲಿ ಅಣ್ಣ ತಮ್ಮಂದಿರ ಪಾಲಿಲ್ಲ, ನನಗೂ ಇಲ್ಲ. ಸಂಸಾರದಲ್ಲಿ ಹಿಂಸೆ ಆದ ಹೆಂಗಸರಿಗೆ ಅದನ್ನ ವಾಪಸ್ ಕೊಡಿಸುವ ಆದೇಶವನ್ನ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಮಾಡಬಹುದು. ಸಹಾಯಕ್ಕೆ 181ಕ್ಕೆ ಫೋನ್ ಮಾಡಿ. ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲ, ಅತ್ತಿಗೆಯೇ ಡಬ್ಬಿ ತಂದುಕೊಟ್ಟರು.

ಇನ್ನು ಕಾರು. ಇಲ್ಲಿ ಸಿಟ್ಟಿಗಿಂತ ಬ್ಯಾಂಕ್ ಸ್ಟೇಟ್‌ಮೆಂಟ್ ಕೆಲಸಕ್ಕೆ ಬರುತ್ತೆ. ಡೌನ್ ಪೇಮೆಂಟ್ ಇಬ್ಬರದೂ ಸಮ. ಕಂತು ತಿಂಗಳಿಗೆ 9,200. ಮೂರು ವರ್ಷದಲ್ಲಿ ನಾನು 22 ಕಂತು, ಅಣ್ಣ 14 ಕಂತು ಕಟ್ಟಿದ್ದೆವು. ಎಂಟು ಕಂತು ಜಾಸ್ತಿ, ಅಂದರೆ 73,600. ಅದರ ಅರ್ಧ 36,800 ಅಣ್ಣ ನನಗೆ ಕೊಡಬೇಕು. ಹಳೇ ಕಾರು ಮಾರುವ ಇಬ್ಬರನ್ನ ಕೇಳಿದಾಗ ಬೆಲೆ ಐದು ಲಕ್ಷ ಅಂದರು. ಸಾಲ ಎರಡು ಲಕ್ಷ ಬಾಕಿ. ಉಳಿದ ಮೂರರಲ್ಲಿ ನನ್ನದು ಒಂದೂವರೆ. ಒಟ್ಟು 1,86,800. ಅಣ್ಣ ಟೈರು, ಇನ್ಶೂರೆನ್ಸ್ ಬಿಲ್ ತಂದ, 33,600. ಅದರ ಅರ್ಧ ಕಳೆದು 1,70,000ಕ್ಕೆ ನಿಂತಿತು. ಕಾರು ಹೆಚ್ಚು ಓಡಿಸಿದ್ದು ಯಾರು ಅನ್ನೋ ಲೆಕ್ಕವನ್ನ ಮಾವ ಶುರು ಮಾಡಲೇ ಬಿಡಲಿಲ್ಲ.

ಮಾತುಕತೆ ಮುಗಿಯೋವರೆಗೆ ನಾನು ಕಂತು ನಿಲ್ಲಿಸಲಿಲ್ಲ. ಸಾಲದಲ್ಲಿ ನನ್ನ ಸಹಿಯೂ ಇತ್ತು. ಕಂತು ತಪ್ಪಿದರೆ, ಸಾಲ ಕೊಡುವಾಗ ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರು ಇಬ್ಬರದೂ ಬೀಳುತ್ತೆ. ಮನೆಯಲ್ಲಿ ಒಪ್ಪಂದವಾದರೆ ಬ್ಯಾಂಕಿನಲ್ಲಿ ಹೆಸರು ತಾನಾಗೇ ಹೋಗಲ್ಲ. ಅಣ್ಣ ಸಾಲ ತೀರಿಸಿ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಬ್ಯಾಂಕಿನ ಪತ್ರ) ತಂದು, ಫಾರಂ 35 ಕೊಟ್ಟು ಆರ್‌ಸಿಯಿಂದ ಸಾಲದ ನಮೂದು ತೆಗೆಸಿದ. ಕಾರು ನಿಮ್ಮ ಹೆಸರಿಗೇ ಬರುವುದಿದ್ದರೆ ಹೆಸರು ವರ್ಗಾಯಿಸುವ ಫಾರಂ 29, 30ಕ್ಕೆ ಈಗ ಆರ್‌ಸಿಯಲ್ಲಿ ಹೆಸರಿರುವವರ ಸಹಿ ಬೇಕು. ಇನ್ಶೂರೆನ್ಸ್ ಹೆಸರು ಬದಲಿಸಲು ವರ್ಗಾವಣೆಯಾದ 14 ದಿನದೊಳಗೆ ಅರ್ಜಿ ಹಾಕಬೇಕು.

ಮಾತಿಗೆ ಕೂಡಲು ಒಪ್ಪದಿದ್ದರೆ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಫೋನ್ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ ಆದೇಶದ, ಬೆಲೆ ಇದೆ, ಮೇಲ್ಮನವಿಗೆ ಅವಕಾಶವಿಲ್ಲ.

ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿ, ಅಕ್ಕಿ ಡಬ್ಬಿಯಿಂದ ಕೀಲಿ ತೆಗೆದು ಅಣ್ಣನ ಕೈಗೆ ಕೊಟ್ಟೆ, ಸಹಿ ಹಾಕಿಸಿಕೊಂಡೆ. ಫಾಸ್ಟ್ಯಾಗ್ ಮಾತ್ರ ಮರೆತಿದ್ದೆ. ಮುಂದಿನ ವಾರ ಅಣ್ಣ ಹುಬ್ಬಳ್ಳಿಗೆ ಹೋಗಿ ಬಂದ ಟೋಲ್ ಪೂರ್ತಿ ನನ್ನ ಖಾತೆಯಿಂದ ಹೋಯಿತು. ನೀವು ಕೀಲಿ ಕೊಡುವ ದಿನವೇ ಅದನ್ನ ಬಂದ್ ಮಾಡಿಸಿ.