ವಿಸಿಲ್ ಊದುವ ಮೊದಲು: ಮಕ್ಕಳಿಗೆ ಫುಟ್‌ಬಾಲ್ ಕೋಚ್ ಆಗುವುದು ಹೇಗೆ?

ಬಳ್ಳಾರಿಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡಬೇಕು ಅಂತ ಹೊರಡುವವರು ಮೊದಲು ವಿಚಾರಿಸುವುದು ಚೆಂಡು ಎಲ್ಲಿ ಸಿಗುತ್ತೆ, ಜೆರ್ಸಿ ಎಲ್ಲಿ ಹೊಲಿಸೋದು ಅಂತ. ಅದೆಲ್ಲ ಆಮೇಲೆ. ಮೊದಲು ಒಂದು ದಪ್ಪ ನೋಟ್‌ಬುಕ್ ಕೊಂಡುಕೊಳ್ಳಿ. ಕೌಲ್ ಬಜಾರ್ ಇರಲಿ, ಕಂಟೋನ್ಮೆಂಟ್ ಇರಲಿ, ಬೆಳಗ್ಗೆ ಆರಕ್ಕೆ ಇಪ್ಪತ್ತು ಮನೆಯವರು ನಿಮ್ಮನ್ನು ನಂಬಿ ಮಕ್ಕಳನ್ನು ಕಳಿಸುತ್ತಾರೆ. ಮೈದಾನಕ್ಕೆ ಬಂದಾಗಿನಿಂದ ಮನೆಗೆ ಹೋಗುವ ತನಕ ಆ ಮಕ್ಕಳು ನಿಮ್ಮ ಜವಾಬ್ದಾರಿ. ಆಟ ಕಲಿಸೋದು ಅದರಲ್ಲಿ ಒಂದು ಭಾಗ.

ಲೈಸೆನ್ಸ್ ಬೇಕಾ?

ಓಣಿಯ ಮಕ್ಕಳನ್ನು ಸೇರಿಸಿ ಆಡಿಸೋಕೆ ಯಾವ ಲೈಸೆನ್ಸೂ ಬೇಕಿಲ್ಲ. ಆದರೆ ಇದನ್ನು ಗಟ್ಟಿಯಾಗಿ ಹಿಡಿಯಬೇಕು ಅನ್ನಿಸಿದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡೆಸುವ ಕೋರ್ಸ್ ಮಾಡಿ. ಡಿ, ಸಿ, ಬಿ, ಎ, ಕೊನೆಗೆ ಪ್ರೊ. ಕೆಳಗಿನಿಂದ ಒಂದೊಂದೇ ಹತ್ತಬೇಕು. ಡಿ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು. ಕೋರ್ಸ್ ಯಾವಾಗ, ಎಲ್ಲಿ ಅನ್ನುವುದನ್ನು ಫೆಡರೇಷನ್ನಿನ ವೆಬ್‌ಸೈಟಿನಲ್ಲೋ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲೋ ಕೇಳಿ ತಿಳಿದುಕೊಳ್ಳಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಇನ್ನೊಂದು ದಾರಿ. ಮುಂದೆ ಇದನ್ನೇ ಕೆಲಸ ಮಾಡಿಕೊಳ್ಳುವವರಿಗೆ ಅದು ಸರಿ.

ದೊಡ್ಡ ಆಟಗಾರರಾಗಿರಬೇಕು ಅಂತೇನೂ ಇಲ್ಲ. ಚೆನ್ನಾಗಿ ಆಡಿದವರೇ ಎಷ್ಟೋ ಸಲ ಚಿಕ್ಕ ಮಕ್ಕಳ ಮುಂದೆ ತಾಳ್ಮೆ ಕಳೆದುಕೊಳ್ಳುತ್ತಾರೆ. "ಇಷ್ಟೂ ಬರಲ್ವೇನೋ?" ಅನ್ನುವ ಮಾತು ಬಾಯಿಗೆ ಬೇಗ ಬರುವವರು ಹತ್ತು ವರ್ಷದೊಳಗಿನ ಮಕ್ಕಳ ಗುಂಪು ತಗೊಳ್ಳದಿರುವುದೇ ವಾಸಿ. ಪ್ರಥಮ ಚಿಕಿತ್ಸೆಯ ತರಬೇತಿ ಮಾತ್ರ ಎಲ್ಲರಿಗೂ ಬೇಕು.

ನೋಟ್‌ಬುಕ್‌ನಲ್ಲಿ ಏನಿರಬೇಕು?

ಒಂದು ಮಗುವಿಗೆ ಒಂದು ಪುಟ. ಹೆಸರು, ಹುಟ್ಟಿದ ತಾರೀಖು, ಮನೆಯವರ ಎರಡು ಮೊಬೈಲ್ ನಂಬರ್, ರಕ್ತದ ಗುಂಪು. ಉಬ್ಬಸ, ಮೂರ್ಛೆ, ಅಲರ್ಜಿ, ಹೃದಯದ ತೊಂದರೆ ಏನಾದರೂ ಇದೆಯಾ? ಮಗುವಿನ ಎದುರು ಕೇಳಿದರೆ ತಾಯಂದಿರು ಹೇಳಲ್ಲ, ಪಕ್ಕಕ್ಕೆ ಕರೆದು ಕೇಳಿ. ಉಬ್ಬಸದ ಮಗುವಾದರೆ ಇನ್‌ಹೇಲರ್ ಬ್ಯಾಗಿನಲ್ಲಿ ಇದೆಯಾ ಅಂತ ದಿನಾ ನೋಡಿ. ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ ಅನ್ನುವುದನ್ನೂ ಬರೆದು, ಕೆಳಗೆ ತಂದೆ ಅಥವಾ ತಾಯಿಯ ಸಹಿ ಹಾಕಿಸಿ.

ಹುಟ್ಟಿದ ತಾರೀಖಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ ಅಂತ ತಮಾಷೆ ಮಾಡ್ತೀವಿ, ಅಲ್ವಾ? ಶಾಲೆಗೆ ಸೇರಿಸುವಾಗ ಬರೆಸಿದ ತಾರೀಖು ಅದು. ಟೂರ್ನಮೆಂಟ್‌ಗೆ ಹೋದಾಗ ಇದೇ ತಲೆನೋವು. ಸುಬ್ರತೊ ಕಪ್ ಅಂಥ ಶಾಲಾ ಟೂರ್ನಿಗಳು ವಯಸ್ಸಿನ ಮೇಲೇ ನಡೆಯುತ್ತವೆ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆ ನೋಡುವ ಪದ್ಧತಿಯೂ ಇದೆ. ಅದಕ್ಕೇ ಶಾಲೆಯ ದಾಖಲೆ ಒಂದನ್ನೇ ನಂಬಬೇಡಿ, ಜನನ ಪ್ರಮಾಣಪತ್ರದ ನಕಲು ಇಟ್ಟುಕೊಳ್ಳಿ. "ಒಂದು ವರ್ಷ ಕಮ್ಮಿ ಬರ್ಕೊಳ್ರಿ ಸಾರ್, ಏನಾಗುತ್ತೆ" ಅನ್ನುವ ತಂದೆ ಒಬ್ಬರಾದರೂ ಬಂದೇ ಬರುತ್ತಾರೆ. ಆಗಲ್ಲ ಅನ್ನಿ. ಸಿಕ್ಕಿಬಿದ್ದರೆ ಪೆಟ್ಟು ತಿನ್ನೋದು ಇಡೀ ತಂಡ.

ಮೈದಾನ

ಸರ್ಕಾರಿ ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಯವರಿಗೂ (ಎಸ್‌ಡಿಎಂಸಿ), ಜಿಲ್ಲಾ ಕ್ರೀಡಾಂಗಣವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೂ ಅರ್ಜಿ ಕೊಡಿ. ಬಾಯಿಮಾತಿನ ಒಪ್ಪಿಗೆ ಸಾಹೇಬರು ಬದಲಾದ ದಿನ ಮುಗಿಯುತ್ತೆ.

ಮಕ್ಕಳು ಬರುವ ಕಾಲು ಗಂಟೆ ಮೊದಲು ಮೈದಾನವನ್ನು ಒಂದು ಸುತ್ತು ನಡೆಯಿರಿ. ನಮ್ಮ ಮೈದಾನಗಳ ಅಂಚಿನಲ್ಲೆಲ್ಲ ಬಳ್ಳಾರಿ ಜಾಲಿ. ಗಾಳಿಗೆ ಒಣ ಟೊಂಗೆ ಬಂದು ಬಿದ್ದಿರುತ್ತೆ. ಆ ಮುಳ್ಳು ಹವಾಯಿ ಚಪ್ಪಲಿ ದಾಟಿ ಪಾದಕ್ಕೆ ಇಳಿಯುವಂಥದ್ದು. ಚೆಂಡಿಗೂ ಅದೇ ಗತಿ. ಹೊಲಿದ ಚೆಂಡಾದರೆ ಹೊಲಿಗೆ ಬಿಚ್ಚಿ ಒಳಗಿನ ಗಾಳಿ ಚೀಲ (ಬ್ಲಾಡರ್) ಬದಲಿಸಬಹುದು, ಅಂಟಿಸಿದ ಚೆಂಡಾದರೆ ಅದೂ ಕಷ್ಟ. ಎರೆ ಮಣ್ಣಿನ ಮೈದಾನದಲ್ಲಿ ಬೇಸಿಗೆಗೆ ಬಿರುಕು ಬಿಡುತ್ತೆ, ಮಗುವಿನ ಪಾದ ಸಿಕ್ಕಿಕೊಂಡರೆ ಕಾಲು ತಿರುಚುವುದು ಖಂಡಿತ. ಬಿರುಕಿಗೆ ಮಣ್ಣು ತುಂಬಿಸಿ, ಇಲ್ಲವೇ ಆ ಜಾಗ ಬಿಟ್ಟು ಗೆರೆ ಹಾಕಿ. ಗೋಲ್ ಪೋಸ್ಟ್ ಹಿಡಿದು ಅಲುಗಾಡಿಸಿ ನೋಡಿ. ನೆಲಕ್ಕೆ ಬಿಗಿಯದ ಕಬ್ಬಿಣದ ಪೋಸ್ಟ್ ಮೇಲೆ ಬಿದ್ದು ಮಕ್ಕಳು ಸತ್ತ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಯಾರೂ ಅದಕ್ಕೆ ಜೋತಾಡಬಾರದು.

ಒಂದು ದಿನದ ಅಭ್ಯಾಸ

ಎಂಟರ ಆಸುಪಾಸಿನ ಮಕ್ಕಳಿಗೆ 3ನೇ ಸೈಜ್ ಚೆಂಡು, ಹನ್ನೆರಡರ ತನಕ 4ನೇ ಸೈಜ್, ಆಮೇಲೆ 5. ದೊಡ್ಡವರ 5ನೇ ಸೈಜ್ ಚೆಂಡು 410ರಿಂದ 450 ಗ್ರಾಂ ತೂಗುತ್ತೆ. ಏಳು ವರ್ಷದ ಮಗುವಿಗೆ ಅದನ್ನು ಕೊಟ್ಟರೆ ಕಲಿಯೋದು ಒಂದೇ: ಬೆರಳ ತುದಿಯಿಂದ ಒದೆಯುವುದು.

ಹಳೇ ರೂಢಿ ನಿಮಗೆ ಗೊತ್ತೇ ಇದೆ. ಮೈದಾನಕ್ಕೆ ಐದು ಸುತ್ತು, ಆಮೇಲೆ ಸಾಲಾಗಿ ನಿಂತು ಒಬ್ಬೊಬ್ಬರೇ ಗೋಲಿಗೆ ಹೊಡೆಯುವುದು. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಮಕ್ಕಳು, ಒಂದು ಚೆಂಡು, ಒಂದು ಹೊಡೆತಕ್ಕೆ 15 ಸೆಕೆಂಡ್. ಹತ್ತು ನಿಮಿಷದಲ್ಲಿ ಒಂದು ಮಗುವಿನ ಕಾಲಿಗೆ ಚೆಂಡು ಸಿಗೋದು ಎರಡೇ ಸಲ. ಉಳಿದ ಹೊತ್ತು ಮುಂದಿನವನ ಅಂಗಿ ಎಳೆಯೋದು, ಕಲ್ಲು ಒದೆಯೋದು. ಶಿಸ್ತಿಲ್ಲ ಅಂತ ಆಮೇಲೆ ನಾವೇ ಬೈತೀವಿ.

ಸುತ್ತು ಓಡಿಸುವ ಬದಲು ಹದಿನೈದು–ಇಪ್ಪತ್ತು ನಿಮಿಷ ಫಿಫಾ 11+ ಕಿಡ್ಸ್ ಅನ್ನುವ ಮೈ ಬಿಸಿ ಮಾಡುವ ವ್ಯಾಯಾಮ ಮಾಡಿಸಿ. ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿಯುವುದು, ಸರಿಯಾಗಿ ಬೀಳುವುದು ಹೀಗೆ ಏಳು ವ್ಯಾಯಾಮಗಳಿವೆ, ಖರ್ಚಿಲ್ಲ. ಯುರೋಪಿನ 4 ದೇಶಗಳಲ್ಲಿ 7ರಿಂದ 13 ವರ್ಷದ ಮಕ್ಕಳ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು.

ಆಮೇಲೆ ಎಲ್ಲರಿಗೂ ಚೆಂಡು, ಇಲ್ಲದಿದ್ದರೆ ಇಬ್ಬರಿಗೆ ಒಂದು. ಸುಣ್ಣದಲ್ಲಿ 20 ಹೆಜ್ಜೆಯ ಚೌಕ ಹಾಕಿ, ಎಲ್ಲರೂ ಅದರೊಳಗೇ ಡ್ರಿಬಲ್ ಮಾಡಲಿ, ಅಂದರೆ ಚೆಂಡನ್ನು ಕಾಲಿನಿಂದ ತಟ್ಟುತ್ತಾ ಓಡಲಿ. ನೀವು ಕೈ ಎತ್ತಿ ಬೆರಳು ತೋರಿಸಿ, ಎಷ್ಟು ಬೆರಳು ಅಂತ ಅವರು ಕೂಗಬೇಕು. ಮೊದಲ ವಾರ ಎಲ್ಲರ ಕಣ್ಣೂ ಚೆಂಡಿನ ಮೇಲೆ, ಡಿಕ್ಕಿ ಮೇಲೆ ಡಿಕ್ಕಿ. ಬರಬರುತ್ತಾ ಕುತ್ತಿಗೆ ಮೇಲೇಳುತ್ತೆ. ತಲೆ ಎತ್ತಿ ಆಡು ಅಂತ ನೂರು ಸಲ ಕಿರುಚಿದರೂ ಬಾರದ್ದು ಈ ಆಟದಿಂದ ಬರುತ್ತೆ.

ಕೊನೆಯ ಅರ್ಧ ಗಂಟೆ ಮ್ಯಾಚ್. ಹನ್ನೊಂದು–ಹನ್ನೊಂದು ಬೇಡ, ನಾಲ್ಕು–ನಾಲ್ಕು. ಗೋಲಿಗೆ ಎರಡು ಚಪ್ಪಲಿ ಸಾಕು. ನಡುನಡುವೆ ನಿಲ್ಲಿಸಿ ಭಾಷಣ ಮಾಡಬೇಡಿ. ನಮ್ಮೂರಲ್ಲಿ ಇನ್ನೊಂದು ವಿಚಾರ ಇದೆ. ಹಿಂದಿನಿಂದ ಎದುರಾಳಿ ಬಂದಾಗ ಒಬ್ಬ "ಹಿಂದೆ" ಅಂತಾನೆ, ಒಬ್ಬ "ವೆನಕ" ಅಂತಾನೆ, ಇನ್ನೊಬ್ಬ "ಪೀಛೆ" ಅಂತಾನೆ. ಕನ್ನಡ, ತೆಲುಗು, ಉರ್ದು ಮೂರೂ ನಡೆಯುವ ಮೈದಾನ ಇದು. ತಂಡಕ್ಕೆ ಒಂದು ಪದ ಗೊತ್ತು ಮಾಡಿ. ಯಾವುದು ಅಂತ ಮಕ್ಕಳೇ ಆರಿಸಲಿ.

ಬಿಸಿಲು

ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟುತ್ತೆ. ಬೇಸಿಗೆ ರಜೆಯಲ್ಲೇ ಕ್ಯಾಂಪ್ ಮಾಡುವುದು ನಮ್ಮ ಅಭ್ಯಾಸ ಬೇರೆ. ಮಾಡಿ, ಆದರೆ ಬೆಳಗ್ಗೆ ಆರಕ್ಕೆ ಶುರು, ಏಳೂವರೆಗೆ ಮುಕ್ತಾಯ. ಹದಿನೈದು ನಿಮಿಷಕ್ಕೊಮ್ಮೆ ನೀರು. "ಆಟ ಮುಗಿಯೋ ತನಕ ನೀರು ಕುಡಿಯಬಾರದು" ಅನ್ನುವ ಹಳೇ ಮಾತನ್ನು ಮರೆತುಬಿಡಿ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಮಗು ತೂರಾಡಿದರೆ, ಏನೇನೋ ಮಾತಾಡಿದರೆ, ವಾಂತಿ ಮಾಡಿಕೊಂಡರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು ಜೆರ್ಸಿ ಬಿಚ್ಚಿ, ಕೊಡದಲ್ಲಿ ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವ ತನಕ ನೀರು ಹಾಕುವುದನ್ನು ನಿಲ್ಲಿಸಬೇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಮಾತ್ರ ನೀರು ಹಾಕಬಾರದು.

ರಂಜಾನ್ ತಿಂಗಳಲ್ಲಿ ರೋಜಾ ಹಿಡಿಯುವ ಮಕ್ಕಳಿರುತ್ತಾರೆ. ಮನೆಯವರ ಜೊತೆ ಮೊದಲೇ ಮಾತಾಡಿ, ಓಟ ಕಡಿಮೆ ಮಾಡಿ, ಪಾಸಿಂಗ್ ಜಾಸ್ತಿ ಮಾಡಿಸಿ. ಬರದಿದ್ದರೆ ತಂಡದಿಂದ ತೆಗೆಯುವ ಮಾತು ಬೇಡ.

ತಲೆಗೆ ಪೆಟ್ಟು ಬಿದ್ದರೆ

ಮೊಣಕಾಲು ತರಚಿದರೆ ನೀರಲ್ಲಿ ತೊಳೆದು ಪಟ್ಟಿ ಹಾಕಿ ಆಡಿಸಬಹುದು. ತಲೆಗೆ ಪೆಟ್ಟು ಬಿದ್ದು ಮಗು ಮಂಕಾಗಿದ್ದರೆ ಅವತ್ತಿಗೆ ಅದರ ಆಟ ಮುಗಿಯಿತು. ಫೈನಲ್ ಇರಲಿ, ಮಗುವೇ "ಆಡ್ತೀನಿ ಸಾರ್" ಅಂತ ಅಳಲಿ, ಕೂರಿಸಿ. ಮನೆಯವರಿಗೆ ತಿಳಿಸಿ, ಡಾಕ್ಟರ್ ಹತ್ತಿರ ಕಳಿಸಿ, ಅವರು ಒಪ್ಪಿದ ಮೇಲಷ್ಟೇ ಮತ್ತೆ ಮೈದಾನ. ಹೆಡ್ಡಿಂಗ್, ಅಂದರೆ ತಲೆಯಿಂದ ಚೆಂಡು ಹೊಡೆಯುವುದನ್ನು ಕಲಿಸಲು ಅವಸರ ಬೇಡ. ಅಮೆರಿಕದ ಫೆಡರೇಷನ್ 2015ರಲ್ಲೇ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡ್ಡಿಂಗ್ ಬೇಡ ಅಂತ ನಿಯಮ ಮಾಡಿತು. ಇಂಗ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆ ವಯಸ್ಸಿನವರ ಅಭ್ಯಾಸದಿಂದ ಅದನ್ನು ಕೈಬಿಟ್ಟಿತು. ಮೊಣಕಾಲ ಕೆಳಗಿನ ಮುಂಭಾಗದ ಮೂಳೆ ಕಾಯುವ ಶಿನ್ ಗಾರ್ಡ್ ಕಡ್ಡಾಯ, ಅದು ಆಟದ 4ನೇ ನಿಯಮದಲ್ಲೇ ಇದೆ.

ನಂಬಿಕೆಯ ಗೆರೆ

ಇದನ್ನು ಮುಜುಗರ ಪಡದೆ ಓದಿ. ಯಾವ ಮಗುವಿನ ಜೊತೆಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಮಗುವಿಗೆ ಖಾಸಗಿಯಾಗಿ ಮೆಸೇಜ್ ಬೇಡ, ಮನೆಯವರಿರುವ ವಾಟ್ಸಾಪ್ ಗ್ರೂಪಿನಲ್ಲೇ ಹೇಳಿ. ಹುಡುಗಿಯರ ತಂಡ ಹೊರಗೆ ಹೋಗುವುದಾದರೆ ಜೊತೆಗೆ ಒಬ್ಬ ಮಹಿಳೆ ಇರಲೇಬೇಕು. ಹುಡುಗಿಯರು ಹದಿಮೂರು–ಹದಿನಾಲ್ಕಕ್ಕೆ ಆಟ ಬಿಡುವುದಕ್ಕೆ ಮೈದಾನದ ಹತ್ತಿರ ಶೌಚಾಲಯ ಇಲ್ಲದಿರುವುದೂ ಒಂದು ಕಾರಣ. ಅದನ್ನು ವಿಚಾರಿಸುವುದೂ ಕೋಚ್ ಕೆಲಸವೇ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು ಶಿಕ್ಷೆಯ ಹೆಸರಲ್ಲೂ ಬೇಡ.

ಮ್ಯಾಚ್ ದಿನ ಮತ್ತು ಮನೆಯವರು

"ಯಾಕ್ರಿ ಸಾರ್, ನಮ್ ಹುಡುಗನ್ನ ಇಳಿಸ್ಲೇ ಇಲ್ಲ?" ಈ ಪ್ರಶ್ನೆ ಬರುವ ಮೊದಲೇ ಉತ್ತರ ಕೊಟ್ಟುಬಿಡಿ. ವರ್ಷದ ಆರಂಭದಲ್ಲಿ ಮನೆಯವರನ್ನು ಕರೆದು ಹೇಳಿ: ಹನ್ನೆರಡರೊಳಗಿನ ಪ್ರತಿಯೊಬ್ಬ ಮಗುವೂ ಪ್ರತಿ ಮ್ಯಾಚಿನಲ್ಲಿ ಕನಿಷ್ಠ ಅರ್ಧ ಹೊತ್ತು ಆಡುತ್ತೆ, ಸೋತರೂ ಸರಿ. ಗೆರೆಯಾಚೆ ನಿಂತು ಕೂಗಿ ಸೂಚನೆ ಕೊಡುವಂತಿಲ್ಲ, ರೆಫ್ರಿಗೆ ಬೈಯುವಂತಿಲ್ಲ. ನೀವೇ ಬೈದರೆ ಈ ನಿಯಮ ಅವತ್ತೇ ಸತ್ತಂತೆ. ಮ್ಯಾಚಿಗೆ ಮುಂಚೆ ಉಗ್ಗಾಣಿ, ಮಿರ್ಚಿ ಬಜ್ಜಿ ಬೇಡ, ಮುಗಿದ ಮೇಲೆ ಧಾರಾಳವಾಗಿ ತಿನ್ನಲಿ. ಮುಂಚೆ ಬಾಳೆಹಣ್ಣು ಸಾಕು.

ಫೀಸ್ ತಗೊಳ್ಳುವುದಾದರೆ ರಸೀದಿ ಕೊಡಿ, ಖರ್ಚಿನ ಲೆಕ್ಕ ಗ್ರೂಪಿಗೆ ಹಾಕಿ.

ಚುರುಕಾದ ಮಗು ಸಿಕ್ಕರೆ ಮುಂದಿನ ದಾರಿ ತೋರಿಸುವುದೂ ನಿಮ್ಮದೇ ಕೆಲಸ. 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅನ್ನುವ ಕ್ರೀಡಾ ತರಬೇತಿ ಕೇಂದ್ರ ನಮ್ಮ ಜಿಲ್ಲೆಯ ತೋರಣಗಲ್ಲಿನ ಪಕ್ಕದಲ್ಲೇ ಇದೆ. ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ವಸತಿ ಅಕಾಡೆಮಿ ನಡೆದದ್ದೂ ಅಲ್ಲೇ. ಅದಕ್ಕೇ ಇಲ್ಲಿನ ಮನೆಯವರಿಗೆ ಆಸೆ ಜಾಸ್ತಿ, ಆ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವವರೂ ಹುಟ್ಟಿಕೊಳ್ಳಬಹುದು. ಟ್ರಯಲ್ಸ್‌ಗೆ ಸೇರಿಸ್ತೀನಿ, ಸೀಟು ಕೊಡಿಸ್ತೀನಿ ಅಂತ ಯಾರಾದರೂ ಮುಂಗಡ ಕೇಳಿದರೆ ಮನೆಯವರು ದುಡ್ಡು ಹೊಂದಿಸುವ ಮೊದಲು ನೀವೇ ಆ ಅಕಾಡೆಮಿಯ ಅಧಿಕೃತ ನಂಬರಿಗೆ ಫೋನ್ ಮಾಡಿ, ಟ್ರಯಲ್ಸ್ ಇದೆಯಾ, ಯಾವ ವಯಸ್ಸಿಗೆ, ಏನು ದಾಖಲೆ ಬೇಕು ಅಂತ ಕೇಳಿ ಬರೆದುಕೊಳ್ಳಿ.