ವಿದೇಶಿ ಅತಿಥಿ ಬಂದರೆ ಮೊದಲು ಚಿಲ್ಲರೆ ವಿಚಾರಿಸಿ

ಆನೆಗುಂದಿಯಲ್ಲಿ ನಮ್ಮದು ಮೂರು ಕೋಣೆಯ ಹೋಂಸ್ಟೇ. ಹಂಪಿ ನೋಡಲು ಬರುವ ವಿದೇಶಿಯರು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಜಾಸ್ತಿ. ಎರಡು ವರ್ಷದ ಹಿಂದೆ ಹಾಲೆಂಡಿನಿಂದ ಒಬ್ಬ ಹಿರಿಯ ಹೆಂಗಸು ಬಂದಿದ್ದರು. ಅಂಜನಾದ್ರಿಯ ಸುಮಾರು 575 ಮೆಟ್ಟಿಲು ಹತ್ತಿ ಇಳಿದು ಎಳನೀರು ಕೇಳಿದ್ದಾರೆ. ಮಾರುವ ಅಕ್ಕ ಕೊಚ್ಚಿಯೂ ಕೊಟ್ಟಿದ್ದಾರೆ. ಇವರ ಹತ್ತಿರ ಇದ್ದದ್ದು 500ರ ನೋಟು, ಅಕ್ಕನ ಹತ್ತಿರ ಚಿಲ್ಲರೆ ಇಲ್ಲ. ಫೋನ್ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿದರೆ ಏನೂ ಆಗಲಿಲ್ಲ. "ಕುಡೀರಿ ಅಮ್ಮಾ, ನಾಳೆ ಕೊಡ್ರಿ" ಎಂದು ಅಕ್ಕ ಹೇಳಿದ್ದು ಅವರಿಗೆ ತಿಳಿಯಲಿಲ್ಲ. ಎಳನೀರನ್ನು ಗಾಡಿಯ ಮೇಲೆ ವಾಪಸ್ ಇಟ್ಟು, ಕೈಮುಗಿದು, ಬಿಸಿಲಲ್ಲಿ ನಡೆದು ಬಂದರು. ಮನೆಗೆ ಬಂದು ಇದನ್ನು ಹೇಳುವಾಗ ಅವರ ಮುಖ ಸಣ್ಣದಾಗಿತ್ತು. ನನಗೆ ಬಹಳ ಬೇಜಾರಾಯಿತು. ನಮ್ಮೂರಿಗೆ ಬಂದವರು ಬಾಯಾರಿಕೊಂಡು ನಡೆಯಬಾರದು ಅಲ್ವಾ?

ಆಮೇಲೆ ನಾನು ರೂಢಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಂಸ್ಟೇ ನಡೆಸುವವರಿಗೆ, ಆಟೊದವರಿಗೆ, ಮನೆಗೆ ಹೊರದೇಶದ ಗೆಳೆಯರು ಬರುವವರಿಗೆ ಇದು ಉಪಯೋಗಕ್ಕೆ ಬರಬಹುದು.

"ನನ್ನ ಫೋನಿನಲ್ಲೂ ಗೂಗಲ್ ಪೇ ಇದೆ" ಎಂದು ಅತಿಥಿಗಳು ಧೈರ್ಯವಾಗಿ ಹೇಳುತ್ತಾರೆ. ಇದೆ ನಿಜ. ಆದರೆ ಅವರ ದೇಶದ ಗೂಗಲ್ ಪೇ ಕಾರ್ಡಿನ ಮೇಲೆ ನಡೆಯುತ್ತದೆ, ನಮ್ಮದು ಯುಪಿಐ ಮೇಲೆ. ನಮ್ಮ ಯುಪಿಐಗೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ಆ ಖಾತೆಗೆ ಸೇರಿದ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ಹತ್ತು ದಿನಕ್ಕೆ ಬಂದವರಿಗೆ ಅದೆಲ್ಲಿಂದ ಬರಬೇಕು? ಇಲ್ಲಿನ ಸಿಮ್ ಕೊಂಡರೂ ಖಾತೆ ಇಲ್ಲದೆ ಅದು ಸಾಲದು. ಹಾಗಾಗಿ "ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಿ" ಎಂದು ಅವರನ್ನು ಸುಮ್ನೆ ನಿಲ್ಲಿಸಿಕೊಳ್ಳಬೇಡಿ.

ಅತಿಥಿ ಬಂದ 24 ಗಂಟೆಯೊಳಗೆ ನಾವು ಅವರ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು. ಪಾಸ್‌ಪೋರ್ಟ್ ಹಿಡಿದು ಕೂತಿರುವ ಆ ಹೊತ್ತೇ ಹಣದ ಮಾತಿಗೆ ಸರಿಯಾದ ಹೊತ್ತು. ನಗದು ಎಷ್ಟಿದೆ, ಎಂಥ ನೋಟುಗಳು, ಎರಡನೇ ಕಾರ್ಡ್ ಇದೆಯಾ, ಭಾರತಕ್ಕೆ ಹೋಗುತ್ತೇನೆಂದು ಅವರ ಬ್ಯಾಂಕಿಗೆ ತಿಳಿಸಿದ್ದಾರಾ ಎಂದು ಕೇಳಿ. ನಾಚಿಕೆ ಬೇಡ. ಕೇಳಿದ್ದಕ್ಕೆ ಇದುವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಯುಪಿಐ ಒನ್ ವರ್ಲ್ಡ್ ವ್ಯಾಲೆಟ್, ಅಂದರೆ ಮೊದಲೇ ದುಡ್ಡು ತುಂಬಿಸಿ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡುವ ಫೋನಿನ ಪರ್ಸು, ಇದೆಯಾ ಎಂದೂ ಕೇಳಿ. ಹೊರದೇಶದವರಿಗೆ ಇಂಥ ವ್ಯಾಲೆಟ್ ಕೊಡಲು ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿಯಲ್ಲಿ ಅವಕಾಶ ಕೊಟ್ಟಿತು. ಮೊದಲು ಜಿ-20 ದೇಶಗಳವರಿಗೆ, ಬೆಂಗಳೂರು, ದಿಲ್ಲಿ, ಮುಂಬೈ ವಿಮಾನ ನಿಲ್ದಾಣಗಳಲ್ಲಿ. ಆಮೇಲೆ ಬೇರೆ ದೇಶದವರಿಗೂ ಸಿಗುವಂತಾಯಿತು. ಪಾಸ್‌ಪೋರ್ಟ್, ವೀಸಾ ತೋರಿಸಿ ದುಡ್ಡು ತುಂಬಿಸಿಕೊಂಡರೆ ಆಯಿತು, ಇಲ್ಲಿನ ಬ್ಯಾಂಕ್ ಖಾತೆ ಬೇಡ. ಬುಕಿಂಗ್ ಖಾತ್ರಿ ಮಾಡುವ ಸಂದೇಶದಲ್ಲೇ ನಾನು ಇದನ್ನು ಬರೆದು ಕಳಿಸುತ್ತೇನೆ. ಊರಿಗೆ ಬಂದ ಮೇಲೆ ಹೇಳಿದರೆ ತಡವಾಗುತ್ತದೆ.

ಇದರಲ್ಲಿ ಒಂದು ತೊಡಕಿದೆ, ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಈ ವ್ಯಾಲೆಟ್‌ನಿಂದ ವ್ಯಾಪಾರಿಗೆ ಮಾತ್ರ ಹಣ ಹೋಗುತ್ತದೆ, ಒಬ್ಬರ ಸ್ವಂತ ಖಾತೆಗೆ ಹೋಗುವುದಿಲ್ಲ. ನಮ್ಮ ಆಟೊದವರು, ಹರಿಗೋಲಿನವರು, ಎಳನೀರಿನವರು ಎಷ್ಟೋ ಜನ ತಮ್ಮ ಸ್ವಂತ ಕ್ಯೂಆರ್ ಅನ್ನೇ ಅಂಟಿಸಿರುತ್ತಾರೆ. ಮನೆಯವರು ಕಳಿಸುವ ಹಣವೂ, ಗಿರಾಕಿ ಕೊಡುವ ಹಣವೂ ಅದಕ್ಕೇ ಬರುತ್ತದೆ. ವ್ಯಾಲೆಟ್‌ನಲ್ಲಿ ದುಡ್ಡಿದ್ದರೂ ಅಲ್ಲಿ ನಡೆಯುವುದಿಲ್ಲ. ತಪ್ಪು ಅತಿಥಿಯದೂ ಅಲ್ಲ, ಮಾರುವವರದೂ ಅಲ್ಲ. ಪೇಮೆಂಟ್ ಆ್ಯಪ್‌ನವರಿಂದ ವ್ಯಾಪಾರದ ಕ್ಯೂಆರ್ ಮಾಡಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಎಳನೀರಿನ ಅಕ್ಕನಿಗೆ ನಾನೇ ಪಕ್ಕದಲ್ಲಿ ಕೂತು ಮಾಡಿಸಿಕೊಟ್ಟೆ. ನಿಮ್ಮ ಬೀದಿಯವರಿಗೆ ನೀವು ಮಾಡಿಸಿಕೊಡಿ.

ವ್ಯಾಲೆಟ್ ಇಲ್ಲದೆ ಬರುವವರೇ ಜಾಸ್ತಿ. ಅವರಿಗೆ ಎಟಿಎಂ ಗತಿ. ಹೊಸಪೇಟೆಯಲ್ಲಿ ರೈಲು ಇಳಿದಾಗಲೇ ಹಣ ತೆಗೆದುಕೊಂಡು ಬನ್ನಿ ಎಂದು ಹೇಳಿ. ಹೊರದೇಶದ ಕಾರ್ಡಿಗೆ ಅನೇಕ ಎಟಿಎಂಗಳಲ್ಲಿ ಒಂದು ಸಲಕ್ಕೆ 10,000 ರೂಪಾಯಿ ಮಾತ್ರ. ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಎಂದು ಯಂತ್ರ ಕೇಳಿದರೆ ಬೇಡ ಎನ್ನಬೇಕು, ರೂಪಾಯಿಯಲ್ಲೇ ಇರಲಿ ಎನ್ನಬೇಕು. ಹೌದು ಎಂದರೆ ಸಾಮಾನ್ಯವಾಗಿ ದರದಲ್ಲಿ ಅವರಿಗೇ ನಷ್ಟ.

ಎಟಿಎಂ ಕೊಡುವುದು ಹೆಚ್ಚಾಗಿ 500ರ ನೋಟು. ಊರೆಲ್ಲ ಯುಪಿಐ ಆದ ಮೇಲೆ ಅಂಗಡಿಗಳಲ್ಲಿ ಚಿಲ್ಲರೆಯೇ ಇಲ್ಲ. ಅದಕ್ಕೆ ಸೀಸನ್ ಶುರುವಾಗುವ ಮುಂಚೆ ಗಂಗಾವತಿಗೆ ಹೋಗಿ ಬ್ಯಾಂಕಿನಿಂದ 10ರ ಒಂದು ಕಟ್ಟು, 20ರ ಒಂದು ಕಟ್ಟು, 50ರ ಅರ್ಧ ಕಟ್ಟು ತರುತ್ತೇನೆ. ಒಟ್ಟು 5,500 ರೂಪಾಯಿ. ಅಡುಗೆಮನೆಯ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇನೆ. ಅತಿಥಿ ಬೆಳಗ್ಗೆ ಹೊರಡುವ ಮೊದಲು 500ರ ಎರಡು ನೋಟನ್ನು ಬಿಡಿಸಿಕೊಡುತ್ತೇನೆ. ನನ್ನ ಅನುಭವದಲ್ಲಿ ಯಾವ ಆ್ಯಪ್‌ಗಿಂತಲೂ ಹೆಚ್ಚು ಕೆಲಸಕ್ಕೆ ಬಂದದ್ದು ಈ ಡಬ್ಬಿಯೇ.

ದೊಡ್ಡ ಖರ್ಚಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ ವಿದೇಶಿಯರಿಗೆ ದುಬಾರಿ. ಅದನ್ನು ನನ್ನ ಫೋನಿನಿಂದ ಆನ್‌ಲೈನ್‌ನಲ್ಲಿ ತೆಗೆದು, ಆಟೊ ಬಾಡಿಗೆಯನ್ನೂ ನಾನೇ ಹಾಕಿ, ಅತಿಥಿಯ ಎದುರೇ ಬರೆಯುತ್ತೇನೆ. ಅವರು ನಗದು ಕೊಡುತ್ತಾರೆ. ಅದರ ಮೇಲೆ ಒಂದು ರೂಪಾಯಿಯನ್ನೂ ಇಟ್ಟುಕೊಳ್ಳುವುದಿಲ್ಲ. ಯುಪಿಐ ಮಾಡಿಕೊಡಲು ನೂರಕ್ಕೆ ಹತ್ತು ಕಮಿಷನ್ ತೆಗೆದುಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಲರ್, ಯೂರೊ ತೆಗೆದುಕೊಂಡು ರೂಪಾಯಿ ಕೊಡುವುದೂ ಬೇಡ. ಅದಕ್ಕೆ ಪರವಾನಗಿ ಬೇಕು.

ಹಿಂದೊಮ್ಮೆ ಬಂದು ಹೋದವರು 2000ರ ನೋಟು ಜೋಪಾನವಾಗಿ ತಂದಿರುತ್ತಾರೆ. ಅದನ್ನು 2023ರ ಮೇನಲ್ಲಿ ಹಿಂದಕ್ಕೆ ಪಡೆದರು. ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಹೊರಡುವ ಹಿಂದಿನ ಸಂಜೆ ನೋಟ್‌ಬುಕ್ ತೆಗೆದು ಕೂರುತ್ತೇವೆ. ವ್ಯಾಲೆಟ್‌ನಲ್ಲಿ ಹಣ ಉಳಿದಿದ್ದರೆ ದೇಶ ಬಿಡುವ ಮೊದಲೇ ವಾಪಸ್ ಕೇಳಿ ಎಂದು ನೆನಪಿಸುತ್ತೇನೆ. ಅವರ ಬಳಿ ಉಳಿದ ಹತ್ತು, ಇಪ್ಪತ್ತರ ನೋಟುಗಳನ್ನು ಎಣಿಸಿ ತೆಗೆದುಕೊಂಡು, ಬದಲಿಗೆ 500ರ ನೋಟು ಕೊಟ್ಟು, ಚಿಲ್ಲರೆಯನ್ನು ಡಬ್ಬಿಗೆ ಹಾಕುತ್ತೇನೆ. ಮುಂದಿನ ಅತಿಥಿಗೆ ಬೇಕಾಗುತ್ತದೆ.